ಕುಂಡದೊಳಗೆ ಬೆರಳಿಟ್ಟು ನೋಡಿದವರಿಗೆ

ಆ ದಿನ ಸಸಿ ಮಾರುವಲ್ಲಿ ನನ್ನ ಪಕ್ಕ ನಿಂತಿದ್ದ ಅಮ್ಮ, ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಗಲ ಮೇಲೆ ನಾಲ್ಕು ತಿಂಗಳ ಮಗು, ಕೈಯಲ್ಲಿ ಸೊರಗಿದ ಗುಲಾಬಿ ಕುಂಡ. "ದಿನಾ ಎರಡು ಹೊತ್ತು ನೀರು ಹಾಕ್ತೀನಿ, ಆದ್ರೂ ಎಲೆ ಹಳದಿ ಆಗ್ತಿದೆ" ಎನ್ನುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಗಿಡಕ್ಕೋಸ್ಕರ ಯಾರಾದ್ರೂ ಅಳ್ತಾರಾ? ನೀವು ನಗಲಿಲ್ಲ. ಸುಮ್ನೆ ಕುಂಡದೊಳಗೆ ಎರಡು ಗೆಣ್ಣಿನಷ್ಟು ಬೆರಳು ಇಳಿಸಿದಿರಿ. ಹೊರಗೆ ತೆಗೆದಾಗ ಉಗುರ ತುಂಬ ಕೆಸರು.

"ನೀರು ಜಾಸ್ತಿ ಆಗಿದೆ ಮಗಳೇ. ಬೇರಿಗೆ ಗಾಳಿಯೂ ಬೇಕು, ಇಲ್ಲದಿದ್ರೆ ಕೊಳೆಯುತ್ತೆ. ಮೇಲಿನ ಮಣ್ಣು ಒಣಗಿದ ಮೇಲೆ ಹಾಕು." ಆಮೇಲೆ ಮಗುವನ್ನು ನೋಡಿ, ನನ್ನನ್ನು ನೋಡಿ ಕೇಳಿದಿರಿ: "ನಿನ್ನ ಬೇರಿಗೆ ಗಾಳಿ ಸಿಗ್ತಿದೆಯಾ?"

ಮಗು ಹುಟ್ಟಿದ ಮೇಲೆ ನನ್ನ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ಮಗು ಹೇಗಿದೆ ಅಂತ ಎಲ್ಲರೂ ಕೇಳುತ್ತಿದ್ದರು, ಅದು ಬೇರೆ. ನೀವು ಮಗುವನ್ನು ಎತ್ತಿಕೊಂಡು ಹತ್ತು ನಿಮಿಷ ಓಡಾಡಿದಿರಿ. ನಾನು ಕಲ್ಲಿನ ಮೇಲೆ ಕೂತು ಏನನ್ನೂ ಮಾಡಲಿಲ್ಲ. "ಕುಂಡ ಬದಲಿಸಿದ ಗಿಡ ಸ್ವಲ್ಪ ದಿನ ಬಾಡಿರುತ್ತೆ, ಬೇರು ಹಿಡಿಯೋವರೆಗೆ. ನೀನೂ ಹೊಸ ಕುಂಡಕ್ಕೆ ಬಂದಿದ್ದೀಯ" ಎಂದಿರಿ.

ಈಗ ಮಗು ಸ್ವಲ್ಪ ಮುಲುಗಿದರೆ ಓಡುವುದಿಲ್ಲ, ಒಂದು ಕ್ಷಣ ಕಾಯುತ್ತೇನೆ. ಸಂಜೆ ಅರ್ಧ ಗಂಟೆ ನನ್ನದು. ಥ್ಯಾಂಕ್ಸ್ ಅಮ್ಮ. ಕೊಳೆತ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿದ್ದೆ, ನಿನ್ನೆ ಕೆಂಪು ಚಿಗುರು ಕಂಡಿತು.