ಅಳು ಕೇಳಿಸದ ಮಗು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೋಮವಾರ ಮಗುವನ್ನು ಮನೆಗೆ ಕಳಿಸುತ್ತಾರಂತೆ, ನಿನ್ನಮ್ಮ ಫೋನ್ ಮಾಡಿದ್ದಳು. ಸಂತೋಷದ ಜೊತೆ ನಿನಗೆ ಭಯವೂ ಇರುತ್ತದೆ ಅಂತ ಗೊತ್ತು. ನಿನ್ನ ಮಗುವಿನ ಹಾಗೆ ನನ್ನ ಮೊಮ್ಮಗನಿಗೂ ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ ಟ್ಯೂಬ್ (ಟ್ರೇಕಿಯಾಸ್ಟಮಿ) ಎರಡು ವರ್ಷ ಇತ್ತು. ಹಗಲಿಡೀ ಅವನನ್ನು ನೋಡಿಕೊಂಡವಳು ನಾನೇ.

ಮನೆಗೆ ಬಂದ ಮೊದಲ ವಾರ. ಮಗು ಮಲಗಿದೆ ಅಂದುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಂದು ನೋಡಿದರೆ ಬಾಯಿ ತೆರೆದು ಅಳುತ್ತಿದ್ದ. ಕಣ್ಣೀರು ಕಿವಿಯವರೆಗೆ ಇಳಿದಿತ್ತು, ಸದ್ದೇ ಇಲ್ಲ. ಗಾಳಿ ಟ್ಯೂಬಿನಿಂದಲೇ ಓಡಾಡುತ್ತದೆ ನೋಡು, ದನಿಪೆಟ್ಟಿಗೆಗೆ ಹೋಗುವುದಿಲ್ಲ. ಅವತ್ತೇ ಕಾಲಿಗೆ ಬಿಗಿಯಾದ ಬೆಳ್ಳಿ ಗೆಜ್ಜೆ ಹಾಕಿದೆ. ಒದ್ದಾಡಿದರೆ ಝಲ್ ಅನ್ನುತ್ತಿತ್ತು. ಆದರೆ ಗೆಜ್ಜೆ ನಂಬಿ ಕೂರಬೇಡ. ಕೆಲಸ ಗೊತ್ತಿರುವ ಒಬ್ಬರ ಕಣ್ಣು ಸದಾ ಮಗುವಿನ ಮೇಲಿರಬೇಕು.

ಸಕ್ಷನ್ ಬಗ್ಗೆ, ಅಂದರೆ ಟ್ಯೂಬಿನೊಳಗಿನ ಕಫವನ್ನು ಮೆಷಿನ್ನಿನ ನಳಿಕೆಯಿಂದ ಎಳೆದು ತೆಗೆಯುವುದರ ಬಗ್ಗೆ ಹೇಳುತ್ತೇನೆ. ಗಂಟೆ ನೋಡಿಕೊಂಡು ಸುಮ್ನೆ ಸುಮ್ನೆ ಮಾಡಬೇಡ, ಒಳಗೆ ಗಾಯವಾಗುತ್ತದೆ. ಕಫ ಗೊರಗೊರ ಅಂದಾಗ, ಉಸಿರಾಟ ಜೋರಾದಾಗ ಮಾಡು. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗಿಸುವಾಗ ಅಂತೂ ಮಾಡಲೇಬೇಕು. ಮೊದಲು ಕೈ ತೊಳೆದುಕೋ. ನಳಿಕೆ ಎಷ್ಟು ಉದ್ದ ಒಳಗೆ ಹೋಗಬೇಕು ಅಂತ ಆಸ್ಪತ್ರೆಯಲ್ಲಿ ಅಳೆದು ಕೊಡುತ್ತಾರೆ, ಅದನ್ನು ದಾಟಬೇಡ. ಒಳಗೆ ಬಿಡುವಾಗ ಎಳೆತ ಬೇಡ, ಹೊರತೆಗೆಯುವಾಗ ಮಾತ್ರ. ಒಂದು ಸಲಕ್ಕೆ 5ರಿಂದ 10 ಸೆಕೆಂಡು, ಅದಕ್ಕಿಂತ ಜಾಸ್ತಿ ಬೇಡ. ಆ ಹೊತ್ತಿನಲ್ಲಿ ಮಗುವಿಗೆ ಉಸಿರೇ ಇರುವುದಿಲ್ಲ, ಅಲ್ವಾ?

ಟ್ಯೂಬ್ ಜಾರದಂತೆ ಕಟ್ಟುವ ಕುತ್ತಿಗೆಯ ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಸಾಕು. ಪಟ್ಟಿ ಬದಲಿಸುವಾಗ ಇಬ್ಬರಿರಬೇಕು, ಒಬ್ಬರು ಟ್ಯೂಬ್ ಹಿಡಿದೇ ಇರಬೇಕು.

ಇನ್ನು ಸ್ನಾನ. ನಮ್ಮ ಮನೆಗಳಲ್ಲಿ ಕಾಲ ಮೇಲೆ ಮಲಗಿಸಿಕೊಂಡು ತಲೆಗೆ ನೀರು ಎರೆದು, ಆಮೇಲೆ ಸಾಂಬ್ರಾಣಿ ಹೊಗೆ ಕೊಡುತ್ತಾರಲ್ಲ, ಎರಡೂ ಬೇಡ. ನೀರು, ಹೊಗೆ ಎಲ್ಲ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಪೌಡರೂ ಬೇಡ. ಟಬ್ಬಿನಲ್ಲಿ ಸೊಂಟದ ತನಕ ನೀರು ಹಾಕಿ ಕೂರಿಸು, ತಲೆಯನ್ನು ಬೇರೆಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸು. ನಿಮ್ಮತ್ತೆಯವರಿಗೆ ಬೇಜಾರಾಗಬಹುದು. ಬೇಕಾದರೆ ನಾನೇ ಮಾತಾಡುತ್ತೇನೆ.

ಒಂದು ಚೀಲ ಕಟ್ಟಿಡು. ಅದೇ ಅಳತೆಯ ಇನ್ನೊಂದು ಟ್ಯೂಬ್, ಒಂದು ನಂಬರ್ ಚಿಕ್ಕದು, ಪಟ್ಟಿ, ಕತ್ತರಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಸಕ್ಷನ್ ಮೆಷಿನ್. ಪಕ್ಕದ ಮನೆಗೆ ಹೋದರೂ ಅದು ಜೊತೆಗಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಬ್ಯಾಟರಿಯ ಮೆಷಿನ್ ಚಾರ್ಜ್ ಮಾಡಿಡು, ಕಾಲಲ್ಲಿ ತುಳಿಯುವುದೂ ಒಂದಿರಲಿ.

ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ತಕ್ಷಣ ಸಕ್ಷನ್ ಮಾಡು. ಆಗಲೂ ಉಸಿರು ಸರಿಯಾಗದಿದ್ದರೆ, ಇಲ್ಲವೇ ಟ್ಯೂಬೇ ಕಳಚಿಬಿದ್ದರೆ, ಅಲ್ಲೇ ಹೊಸದು ಹಾಕು. ಅದು ಹೋಗದಿದ್ದರೆ ಚಿಕ್ಕದು. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ, ಆಂಬುಲೆನ್ಸ್ ಬರಲಿ ಅಂತ ನೀನು ಕಾಯಬೇಡ. ಇದನ್ನೆಲ್ಲ ನರ್ಸ್ ಎದುರಿಗೆ ನಿನ್ನ ಕೈಯಲ್ಲೇ ಮಾಡಿ ತೋರಿಸದೆ ಆಸ್ಪತ್ರೆ ಬಿಡಬೇಡ. ಅಳಿಯಂದಿರೂ ಮಾಡಲಿ. ಒಬ್ಬಳೇ ಹೊತ್ತುಕೊಂಡರೆ ಮೂರನೇ ರಾತ್ರಿಗೆ ನಿನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ನನಗೆ ಹಾಗೆಯೇ ಆಗಿತ್ತು.

ಭಾನುವಾರದ ಬಸ್ಸಿಗೆ ನಾನು ಬರುತ್ತೇನೆ, ಒಂದು ತಿಂಗಳು ಇರುತ್ತೇನೆ. ರಾತ್ರಿ ಎರಡರಿಂದ ಬೆಳಗಿನ ತನಕ ಮಗು ನನ್ನ ಪಾಲು. ಆ ಗೆಜ್ಜೆ ಇನ್ನೂ ನನ್ನ ಹತ್ತಿರ ಇದೆ, ತರುತ್ತೇನೆ.

ನಿನ್ನ ದೊಡ್ಡಮ್ಮ