ಪಾರ್ಕ್ ಒಣಗಿದೆ, ಮನೆಗಳು ನೆನೆದಿವೆ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಕಾವೇರಿ ಬದಿಯ ನಮ್ಮ ಹೊಳೆದಂಡೆ ಬಡಾವಣೆಗೆ ಮಂಗಳವಾರ ರಾತ್ರಿ ನೀರು ನುಗ್ಗಿದ ವರದಿಯನ್ನು ಎಲ್ಲರೂ ಓದಿದ್ದಾರೆ, ಮತ್ತೆ ಹೇಳುವುದಿಲ್ಲ. ಆದರೆ ಅದೇ ವರದಿಯ ಕೊನೆಯಲ್ಲಿ ಅಧಿಕಾರಿಯೊಬ್ಬರು, ಹೊಸ ನೆರೆ ನಿಯಂತ್ರಣ ಉದ್ಯಾನಕ್ಕೆ ಹನಿ ನೀರೂ ನುಗ್ಗಿಲ್ಲ, ಕಾಮಗಾರಿ ಅಷ್ಟು ಗಟ್ಟಿಯಾಗಿದೆ ಎಂದು ಬೀಗಿದ್ದಾರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಅಲ್ಲ ಸ್ವಾಮೀ, ನೆರೆ ನೀರು ಹಿಡಿಯಲೆಂದೇ ಮಾಡಿದ ಪಾರ್ಕಿಗೆ ನೀರು ಹೋಗದಿದ್ದರೆ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಅಡುಗೆಮನೆಗೆ ಬಂತು.

ಅಕ್ಕಿ ಮೂಟೆ ನೆನೆಯಿತು, ಫ್ರಿಜ್ಜಿನ ಮೋಟರ್ ಸುಟ್ಟಿತು, ಶೌಚದ ಗುಂಡಿ ತುಂಬಿ ಬಚ್ಚಲಲ್ಲಿ ಉಕ್ಕಿತು, ಬಾವಿಗೆ ಚರಂಡಿ ನೀರು ಸೇರಿ ಈಗ ಕುಡಿಯುವ ನೀರಿಗೂ ಕ್ಯಾನ್ ಹೊರಬೇಕು. ಸ್ಕೂಟರ್‌ಗಳೆಲ್ಲ ಮೆಕ್ಯಾನಿಕ್ ಅಂಗಡಿ ಮುಂದೆ ಸಾಲುಗಟ್ಟಿವೆ. ಪಾರ್ಕಿನ ಲಾನ್ ಮಾತ್ರ ಬುಧವಾರ ಬೆಳಿಗ್ಗೆ ಹಸಿರಾಗಿ ನಗುತ್ತಿತ್ತು.

ಕಾರಣ ಕಣ್ಣಿಗೆ ಹೊಡೆಯುವಂತಿದೆ. ಒಂದೆಕರೆ ತಗ್ಗು ಜಾಗವಿತ್ತು. ಮಳೆಗಾಲದಲ್ಲಿ ಸುತ್ತಲಿನ ನೀರು ಅಲ್ಲಿ ನಿಂತು, ತೋಡಿನ ಮೂಲಕ ಮೆಲ್ಲಗೆ ಹೊಳೆ ಸೇರುತ್ತಿತ್ತು. ಅದಕ್ಕೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ರಸ್ತೆಗಿಂತ ಒಂದೂವರೆ ಅಡಿ ಎತ್ತರಿಸಿದರು. ಮೇಲೆ ಇಂಟರ್‌ಲಾಕ್ ಹಾಸಿದರು, ಸುತ್ತ ಸಂದಿಯಿಲ್ಲದ ಹಾಗೆ ಅಂಚುಗಲ್ಲು ಕೂರಿಸಿದರು. ಈಗ ರಸ್ತೆಯ ನೀರು ಒಳಗೆ ಹೋಗುವುದಿಲ್ಲ, ಪಾರ್ಕಿನ ಮೇಲೆ ಬಿದ್ದ ಮಳೆಯೂ ರಸ್ತೆಗೇ ಇಳಿಯುತ್ತದೆ. ಇದಕ್ಕೆ ಖರ್ಚು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಲೆಕ್ಕ ಕಷ್ಟದ್ದಲ್ಲ. ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು. ಪಾರ್ಕಿನ ಕಡೆಗೆ ಇಳಿಯುವ ಮನೆ, ರಸ್ತೆಗಳ ಜಾಗ ಹತ್ತೆಕರೆ ಎಂದುಕೊಳ್ಳಿ. ಮುಕ್ಕಾಲು ಪಾಲು ಹರಿದು ಬಂದರೂ 30 ಲಕ್ಷ ಲೀಟರ್. ಪಾರ್ಕನ್ನು ರಸ್ತೆಗಿಂತ 3 ಅಡಿ ತಗ್ಗಿಸಿದ್ದರೆ, ಸುತ್ತಲ ನಡಿಗೆ ದಾರಿ ಮತ್ತು ಇಳಿಜಾರು ಕಳೆದು ಸುಮಾರು 28 ಲಕ್ಷ ಲೀಟರ್ ಅಲ್ಲೇ ನಿಲ್ಲುತ್ತಿತ್ತು. ಮಕ್ಕಳು ಜಾರಿದರೂ ಹತ್ತಿ ಬರುವಂತೆ ಇಳಿಜಾರು 4 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಅಂಚುಗಲ್ಲಿನಲ್ಲಿ ಐದಾರು ಮೀಟರಿಗೊಂದು ಅಡಿಯಗಲದ ಕಿಂಡಿ ಬಿಡಬೇಕು. ನೀರು ಒಳಬರುವ ಕಡೆ ಹೂಳು ಕೂರಲು ಒಂದು ತೊಟ್ಟಿ ಬೇಕು, ಅದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯೆ ಒಮ್ಮೆಯಾದರೂ ಬಾಚಬೇಕು. ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಇಡೀ ಪಾರ್ಕೇ ಹೂಳಿನ ತೊಟ್ಟಿ. ಬೆಂಚು, ಜಾರುಬಂಡೆಗಳ ಕಾಲನ್ನು ಕಾಂಕ್ರೀಟಿನಲ್ಲಿ ಹೂಳಬೇಕು. ಸ್ವಿಚ್ ಬೋರ್ಡನ್ನು 2019ರ ನೆರೆ ನೀರಿನ ಗುರುತಿಗಿಂತ ಮೇಲಿಡಬೇಕು. ಈಗ ಅದು ಮೊಣಕಾಲೆತ್ತರದಲ್ಲಿದೆ.

ಸೊಳ್ಳೆ ಆಗುತ್ತದೆ ಎಂಬ ಸಬೂಬು ಬೇಡ. ಮೊಟ್ಟೆ ಸೊಳ್ಳೆಯಾಗಲು ವಾರವಾದರೂ ಬೇಕು. ಹೊಳೆ ಇಳಿದ ಎರಡು ದಿನದೊಳಗೆ ಪಾರ್ಕ್ ಬರಿದಾಗುವಂತೆ ಪೈಪು ಹಾಕಿದರೆ ಸಾಕು.

ಇಂಗುಗುಂಡಿ ತೋಡಿದ್ದೇವೆ ಎಂಬುದು ಇನ್ನೊಂದು ಜಂಬ. ನಕ್ಷೆ ಬಯಲುಸೀಮೆಯಿಂದ ಬಂದಿರಬೇಕು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮ್ಮ ಹಿತ್ತಲ ಬಾವಿಗಳ ನೀರು ಕೈಗೆಟುಕುವಂತಿರುತ್ತದೆ. ಆಗ ನೆಲ ಇನ್ನೆಷ್ಟು ಕುಡಿದೀತು? ಕೊಡಗಿನಲ್ಲಿ, ಅದರಲ್ಲೂ ಹೊಳೆ ಬದಿಯಲ್ಲಿ, ಬೇಕಾದ್ದು ನೀರು ಇಂಗಿಸುವ ಗುಂಡಿಯಲ್ಲ, ನಿಲ್ಲಿಸಿಕೊಳ್ಳುವ ಜಾಗ. ಏಕೆಂದರೆ ಹೊಳೆ ಚರಂಡಿಯ ಬಾಯಿಗಿಂತ ಮೇಲೇರಿದಾಗ ಬಡಾವಣೆಯ ನೀರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಕೆಳಗೆ ಕೂಡಿಗೆಯಲ್ಲಿ ಹಾರಂಗಿಯೂ ತುಂಬಿ ಬಂದು ಕಾವೇರಿಗೆ ಸೇರುವ ದಿನಗಳಲ್ಲಿ ನಮ್ಮ ಕಡೆ ನೀರು ಇಳಿಯುವುದು ಇನ್ನೂ ನಿಧಾನ. ಆ ಹೊತ್ತಿನಲ್ಲಿ ಒಳಗಿನ ಮಳೆಯನ್ನು ಹಿಡಿದಿಡುವುದೇ ಪಾರ್ಕಿನ ಕೆಲಸ. ಹೊಳೆ ನೀರು ತೋಡಿನಲ್ಲಿ ಹಿಂದಕ್ಕೆ ನುಗ್ಗದಂತೆ ತಡೆಯುವುದು ತೋಡಿನ ಬಾಯಲ್ಲಿರುವ, ಹೊರಕ್ಕೆ ಮಾತ್ರ ತೆರೆಯುವ ಕಬ್ಬಿಣದ ಬಾಗಿಲಿನ ಕೆಲಸ.

ಆ ಬಾಗಿಲನ್ನು ಬುಧವಾರ ನೋಡಿದೆವು. ಕೀಲು ತುಕ್ಕು ಹಿಡಿದು ಗೇಣಗಲ ತೆರೆದೇ ನಿಂತಿದೆ. ಸಂದಿಯಲ್ಲಿ ಒಂದು ತೆಂಗಿನ ಮಟ್ಟೆ, ಒಂದು ಹವಾಯಿ ಚಪ್ಪಲಿ, ಅವಕ್ಕೆ ಸುತ್ತಿಕೊಂಡ ಗೊಬ್ಬರದ ಚೀಲ. ಮುಂದೆ ಕಸ ತಡೆಯುವ ಸರಳು ಇಲ್ಲ. ಹೊಳೆ ನಮ್ಮ ಬೀದಿಗೆ ಬಂದಿದ್ದು ದಂಡೆ ಹತ್ತಿಯಲ್ಲ, ಇದೇ ಗೇಣಗಲದ ಸಂದಿಯಿಂದ. ವರ್ಷಕ್ಕೊಮ್ಮೆ ಗ್ರೀಸ್ ಹಚ್ಚಲು ಯಾವ ಟೆಂಡರ್ ಬೇಕೋ ಗೊತ್ತಿಲ್ಲ.

ಗಿಡಗಳ ಆಯ್ಕೆಯಂತೂ ದೇವರಿಗೇ ಪ್ರೀತಿ. ಬಾಟಲ್ ಪಾಮ್, ಡುರಾಂಟಾ, ಹಾಸುಹುಲ್ಲು. ಇಳಿಜಾರಿಗೆ ಲಾವಂಚ, ಅಂಚಿಗೆ ಬಿದಿರು, ಹೊಂಗೆ, ಹೊಳೆಮತ್ತಿ ಹಾಕಿದ್ದರೆ ನಾಲ್ಕು ದಿನ ನೀರಲ್ಲಿ ನಿಂತರೂ ಸಾಯುತ್ತಿರಲಿಲ್ಲ. ನಿಸರ್ಗಧಾಮವೇ ಪಕ್ಕದಲ್ಲಿದೆ. ಕಾವೇರಿ ನಡುವಿನ 64 ಎಕರೆ ದ್ವೀಪ, ತುಂಬ ಬಿದಿರು. ಹೊಳೆ ಉಕ್ಕಿದಾಗ ಪ್ರವಾಸಿಗರನ್ನು ಬಿಡುವುದಿಲ್ಲ, ಇಳಿದ ಮೇಲೆ ಬಾಗಿಲು ತೆರೆಯುತ್ತಾರೆ. ಸಿಂಗಪುರದ ಬಿಷಾನ್ ಪಾರ್ಕಿನಲ್ಲೂ ಇದೇ ತತ್ವ. 2.7 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆಯನ್ನು ತೆಗೆದು 3.2 ಕಿ.ಮೀ. ಅಂಕುಡೊಂಕು ಹೊಳೆ ಮಾಡಿ 2012ರಲ್ಲಿ ಜನರಿಗೆ ಬಿಟ್ಟರು. ಜೋರು ಮಳೆ ಬಂದರೆ ಸೈರನ್ ಕೂಗುತ್ತದೆ, ಜನ ಮೇಲೆ ಹತ್ತುತ್ತಾರೆ, ಹುಲ್ಲಿನ ಮೇಲೆ ನೀರು ಹರಡುತ್ತದೆ. ಇದನ್ನು ಓದಿ ಯಾರೂ ಅಧ್ಯಯನ ಪ್ರವಾಸಕ್ಕೆ ಬ್ಯಾಗ್ ಕಟ್ಟುವುದು ಬೇಡ. ನಿಸರ್ಗಧಾಮಕ್ಕೆ ಆಟೋ ಸಿಗುತ್ತದೆ.

2019ರಂಥ ಕಾವೇರಿಯನ್ನು ಒಂದೆಕರೆ ಪಾರ್ಕ್ ನುಂಗಲಾರದು, ಅದೂ ಗೊತ್ತು. ಅದಕ್ಕೆ ಗದ್ದೆಗಳಿದ್ದವು. ಅರ್ಧ ಅಡಿ ಬದುವಿನ ಒಂದೆಕರೆ ಗದ್ದೆ 6 ಲಕ್ಷ ಲೀಟರ್ ಹಿಡಿಯುತ್ತದೆ, ಅದೂ ಯಾವ ಟೆಂಡರೂ ಇಲ್ಲದೆ. ಹೊಳೆ ಬದಿಯ ಗದ್ದೆಗಳನ್ನು ಸೈಟ್ ಮಾಡಲು ಪರಿವರ್ತನೆ ಕೊಟ್ಟವರು ಯಾರು? 2018ರ ನೆರೆಯ ನಂತರ ತೋಡಿನ ಒತ್ತುವರಿ ಸರ್ವೆ ಎಂದು ಚೈನ್ ಎಳೆದರು, ಕಲ್ಲು ನೆಟ್ಟರು, ಆ ಕಲ್ಲುಗಳ ಮೇಲೇ ಈಗ ಕಾಂಪೌಂಡ್ ಎದ್ದಿದೆ. 2019ರಲ್ಲಿ ತುರ್ತು ಪರಿಹಾರದ 10,000 ರೂಪಾಯಿಗೆ ಎಷ್ಟು ಜೆರಾಕ್ಸ್ ಕೊಟ್ಟೆವೋ, ಅವನ್ನೇ ಮರಳ ಚೀಲಕ್ಕೆ ತುಂಬಿದ್ದರೆ ತೋಡಿಗೊಂದು ದಂಡೆ ಆಗುತ್ತಿತ್ತು. ಅರ್ಜಿ ಕೊಟ್ಟರೆ ಸಾಹೇಬರು ಮೀಟಿಂಗಿನಲ್ಲಿ. ಫೋನ್ ಮಾಡಿದರೆ ನಮ್ಮ ವ್ಯಾಪ್ತಿಯಲ್ಲ. ಯಾರ ವ್ಯಾಪ್ತಿ ಎಂದರೆ, ನೀರು ಎಲ್ಲಿಂದ ಬಂತು ಹೇಳಿ ಎನ್ನುತ್ತಾರೆ. ಮೇಲಿಂದ ಬಂತು, ಇನ್ನೇನು ಹೇಳುವುದು?

ಆದ್ದರಿಂದ ತುಂಬಿದ ಮಣ್ಣನ್ನು ತೆಗೆಸಬೇಕು. ಅದಾಗದಿದ್ದರೆ ಅಂಚುಗಲ್ಲನ್ನಾದರೂ ಒಡೆದು ನೀರಿಗೆ ದಾರಿ ಬಿಡಬೇಕು. ಆ ಬಾಗಿಲನ್ನು ಆಶ್ಲೇಷಾ ಮಳೆಗೆ ಮೊದಲೇ ಸರಿಮಾಡಬೇಕು. ಸಂಬಂಧಪಟ್ಟವರು ಕೂಡಲೇ ಗಮನಿಸಬೇಕು. ಸಂಬಂಧವೇ ಇಲ್ಲ ಎನ್ನುವವರು ಉದ್ಯಾನದ ಗೇಟಿನಲ್ಲಿ ಕೆತ್ತಿಸಿದ ತಮ್ಮ ಹೆಸರಿನ ಕಲ್ಲನ್ನು ಕಿತ್ತು ಮನೆಗೆ ಒಯ್ಯಲಿ.

ಇತಿ,
ಹೊಳೆದಂಡೆ ಬಡಾವಣೆಯ ನಿವಾಸಿಗಳು, ಕೊಡಗು