ಹೊರೇಶಿಯೊನ ಮಾತಿಗೆ ಕತ್ತರಿ ಹಾಕ್ಬೇಡಿ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಶಿರಸಿಲಿ ಒಂದು ತಂಡದವ್ರು ಹ್ಯಾಮ್ಲೆಟ್ ಆಡಿದ್ರು, ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಹೋಗಿ ನೋಡ್ಕೊಂಡು ಬಂದೆ. ಹುಡುಗ್ರು ಚೆಂದ ಮಾಡಿದ್ರು, ಎರಡು ಮಾತಿಲ್ಲ. ಆದ್ರೆ ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ ಸತ್ತು ಬಿದ್ದ ಕೂಡ್ಲೇ ಲೈಟ್ ಆಫ್ ಮಾಡಿ ಪರದೆ ಎಳೆದೇ ಬಿಟ್ರು, ಅವನ ಗೆಳೆಯ ಹೊರೇಶಿಯೊ ಆಮೇಲೆ ಆಡೋ ಮಾತು ಪೂರ್ತಿ ಹೋಯ್ತು. ಕೇಳಿದ್ರೆ ‘ಎರಡು ತಾಸಿಗೆ ಇಳಿಸ್ಬೇಕಿತ್ತು ಸರ್, ಹೊರೇಶಿಯೊದು ಬರೀ ಹೂಂಗುಟ್ಟೋ ಪಾತ್ರ’ ಅಂದ್ರು. ಶೇಕ್ಸ್‌ಪಿಯರ್ ನಾಟಕಗಳಲ್ಲೇ ಉದ್ದದ್ದು ಅದು, ಪೂರ್ತಿ ಆಡಿದ್ರೆ ನಾಲ್ಕು ತಾಸಾಗ್ತದೆ, ಕತ್ತರಿ ಬೇಕು ಅನ್ನೋದು ಒಪ್ತೇನೆ, ಆದ್ರೆ ಹಾಕೋ ಜಾಗ ಅದಲ್ಲ.

ಕೊನೇಗೆ ರಂಗದ ಮೇಲೆ ನಾಲ್ಕು ಹೆಣ, ರಾಣಿ, ರಾಜ, ಹ್ಯಾಮ್ಲೆಟ್ ಜೊತೆ ಕತ್ತಿ ಪಂದ್ಯ ಆಡಿದ ಲೇರ್ಟಿಸ್, ಮತ್ತೆ ಹ್ಯಾಮ್ಲೆಟ್. ರಾಜನೇ ತನ್ನ ಅಣ್ಣನ, ಅಂದ್ರೆ ಹ್ಯಾಮ್ಲೆಟ್‌ನ ಅಪ್ಪನ, ಕಿವಿಗೆ ವಿಷ ಹೊಯ್ದು ಪಟ್ಟ ಏರಿದವ ಅಂತ ಟಿಕೆಟ್ ತಗೊಂಡು ಕೂತ ನಮಗೆ ಗೊತ್ತು, ಆಸ್ಥಾನದಲ್ಲಿ ನಿಂತವ್ರಿಗೆ ಎಂತ ಗೊತ್ತು? ಕತ್ತಿಗೆ ವಿಷ ಹಚ್ಚಿದ್ದನ್ನ ಲೇರ್ಟಿಸ್ ಸಾಯೋವಾಗ ಬಾಯ್ಬಿಟ್ಟ, ನಿಜ. ಹಳೇ ಕೊಲೆ ಸುದ್ದಿ ಮಾತ್ರ ಯಾರಿಗೂ ಗೊತ್ತಿಲ್ಲ, ಅವ್ರ ಕಣ್ಣಿಗೆ ಕಂಡಿದ್ದು ರಾಜಕುಮಾರ ರಾಜನ್ನ ಇರಿದಿದ್ದು, ‘ದ್ರೋಹ ದ್ರೋಹ’ ಅಂತ ಕೂಗಿದ್ದೂ ಅವ್ರೇ. ಸತ್ತ ಅಪ್ಪನ ಭೂತ ಬಂದು ಹೇಳಿದ್ದನ್ನ ಹ್ಯಾಮ್ಲೆಟ್ ನಂಬಿ ಹೇಳ್ಕೊಂಡಿದ್ದು ಹೊರೇಶಿಯೊ ಹತ್ರ ಒಬ್ನೇ. ಅವನ ಬಾಯಿ ಮುಚ್ಚಿಸಿದ್ರೆ ಡೆನ್ಮಾರ್ಕಿನ ಪಾಲಿಗೆ ಹ್ಯಾಮ್ಲೆಟ್ ರಾಜದ್ರೋಹಿಯಾಗೇ ಮಣ್ಣಿಗೆ ಹೋಗ್ತಾನೆ.

ನಾನು ಕಾಲೇಜಲ್ಲಿದ್ದಾಗ ಇದೇ ಪಾತ್ರ ಮಾಡಿದ್ದೆ, ಮಾತು ಕಮ್ಮಿ ಅಂತ ಬೇಜಾರಿತ್ತು ನಂಗೂ. ಗೆಳೆಯ ಸಾಯ್ತಾ ಇದ್ದಾನೆ ಅಂದಾಗ ಹೊರೇಶಿಯೊ ಉಳಿದ ವಿಷ ತಾನೂ ಕುಡಿಯೋಕೆ ಹೋಗ್ತಾನಲ್ಲ, ಅದಕ್ಕೆ ತಾಮ್ರದ ಲೋಟಕ್ಕೆ ಮುರುಗಲು ಶರಬತ್ತು ಹಾಕಿದ್ವಿ, ಹ್ಯಾಮ್ಲೆಟ್ ಮಾಡಿದವ ಕಿತ್ಕೊಳ್ಳೋಕೆ ಬಂದ್ರೆ ನಾನು ಜೋಶಲ್ಲಿ ಬಿಡ್ಲೇ ಇಲ್ಲ, ಅಷ್ಟೂ ನನ್ನ ಬಿಳಿ ಜುಬ್ಬಾ ಮೇಲೆ ಚೆಲ್ಲಿ ಎಷ್ಟು ತೊಳೆದ್ರೂ ಕಲೆ ಹೋಗ್ಲಿಲ್ಲ, ಅಮ್ಮನ ಹತ್ರ ಬೈಸ್ಕೊಂಡೆ. ಪ್ರಾಕ್ಟೀಸ್ ಮಾಡಿಸ್ತಿದ್ದ ಮಾಸ್ತರು ‘ಬಿಡೋ, ನೀ ಕುಡ್ದ್ರೆ ಕತೆ ಹೇಳೂದು ಯಾರು?’ ಅಂತ ಗದರಿದ್ದು ಇನ್ನೂ ಕಿವಿಲಿದೆ.

ಇನ್ನೊಂದು ತಕರಾರು. ಈ ತಂಡದಲ್ಲಿ ಇಬ್ರೂ ಮೊದ್ಲಿಂದ ‘ಏನೋ, ಬಾರೋ’ ಅಂತ ಮಾತಾಡಿದ್ರು. ಮೂಲದಲ್ಲಿ ಹಂಗಿಲ್ಲ. ಹೊರೇಶಿಯೊ ಬಂದವನೇ ನಿಮ್ಮ ಸೇವಕ ಅಂತಾನೆ, ಹ್ಯಾಮ್ಲೆಟ್ ಅದನ್ನ ತಿದ್ದಿ ಗೆಳೆಯ ಅಂತ ಕರೀತಾನೆ, ಆದ್ರೂ ಹೊರೇಶಿಯೊ ಬಾಯಲ್ಲಿ ಕೊನೇವರೆಗೂ ‘ಪ್ರಭು’ವೇ. ಒಬ್ಬ ‘ನೀನು’ ಅಂದು ಇನ್ನೊಬ್ಬ ‘ನೀವು’ ಅಂದಿದ್ರೆ ಕನ್ನಡದಲ್ಲಿ ಎಷ್ಟು ಚೆಂದ ಕೂರ್ತಿತ್ತು! ಅಷ್ಟು ಮರ್ಯಾದೆ ಇಟ್ಕೊಂಡವ ಹೇಳೋದನ್ನ ಮಾತ್ರ ನೇರ ಹೇಳ್ತಾನೆ, ಕತ್ತಿ ಪಂದ್ಯಕ್ಕೆ ಮೊದ್ಲು ‘ನೀವು ಸೋಲ್ತೀರಿ, ಮನಸ್ಸು ಬೇಡ ಅಂದ್ರೆ ಬಿಡಿ, ಹುಷಾರಿಲ್ಲ ಅಂತ ನಾ ಹೇಳ್ತೇನೆ’ ಅನ್ನೋವನೂ ಅವನೇ. ಚಿಕ್ಕಂದಿನ ಗೆಳೆಯರು ಅಂತ ರೋಸೆನ್‌ಕ್ರಾಂಟ್ಸ್, ಗಿಲ್ಡನ್‌ಸ್ಟರ್ನ್ ಇಬ್ರು ಬರ್ತಾರಲ್ಲ, ಅವ್ರು ರಾಜ ಕರೆಸಿದ ಗೂಢಚಾರರು.

ನಮ್ಮ ಕಡೆ ಗೆಳೆಯ ಅಂದ್ರೆ ಕರ್ಣ. ತಾಳಮದ್ದಳೆಲಿ ಕರ್ಣ ಕೌರವನಿಗೆ ಜೀವ ಕೊಡ್ತಾನೆ ಅಂದ್ರೆ ಮುದುಕರೂ ಕಣ್ಣೊರೆಸ್ಕೊಳ್ತಾರೆ, ನಾನೂ ಒರೆಸ್ಕೊಂಡವನೇ. ಹೊರೇಶಿಯೊಗೆ ಆ ಪುಣ್ಯವೂ ಇಲ್ಲ. ಅವನು ಬದುಕಿ, ಆಗ ಅಲ್ಲಿಗೆ ಬರೋ ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್ ಎದುರು ಈ ಹೆಣಗಳನ್ನ ಎಲ್ಲರಿಗೂ ಕಾಣೋ ಹಾಗೆ ಎತ್ತರದಲ್ಲಿ ಇಡ್ಸಿ, ನಡೆದದ್ದನ್ನ ನಾನು ಹೇಳ್ತೇನೆ ಅನ್ಬೇಕು.

ಕಾರವಾರದಲ್ಲಿ ಇನ್ನೊಂದು ಶೋ ಇದ್ಯಂತೆ. ತಂಡದವ್ರು ಇದನ್ನ ಓದಿದ್ರೆ ಆ ಐದು ನಿಮಿಷ ವಾಪಸ್ ಹಾಕ್ಲಿ. ಟೈಮ್ ಸಾಲ್ದಿದ್ರೆ ಮಧ್ಯದಲ್ಲಿ ಹೊಗೆ ಬಿಟ್ಟು ಮಾಡಿದ ಡ್ಯಾನ್ಸ್ ಇದ್ಯಲ್ಲ, ಅದನ್ನ ತೆಗೀರಿ.

— ಹಳೇ ಹೊರೇಶಿಯೊ, ಕುಮಟಾ